ಕ್ಲೈವನ ಮನೆ, ಮುರಾರಿರಾಯನ ಮನೆ

ಹೊಸಪೇಟೆಯಲ್ಲಿ ನಾವು ಉಪಾಧ್ಯಾಯರಾಗಿದ್ದಾಗ ಇಂಗ್ಲೆಂಡಿನ ರಾಬರ್ಟ್ ಕ್ಲೈವನ ಚರಿತ್ರೆಯನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದೆವು. ೧೭೫೧ರಲ್ಲಿ ಅವನು ಆರ್ಕಾಟಿನ ಕೋಟೆಯನ್ನು ೫೦ ದಿನಗಳ ಮುತ್ತಿಗೆಯಲ್ಲಿ ಉಳಿಸಿಕೊಂಡನೆಂದು ಹೇಳಿದೆವು. ಅವನಿಗೆ ನೆರವಾದ ಮುರಾರಿರಾಯನು ನಮ್ಮ ಸಂಡೂರಿನ ಘೋರ್ಪಡೆ ವಂಶದವನೆಂಬುದನ್ನು ಮಾತ್ರ ಹೇಳಲಿಲ್ಲ. ಆ ಲೋಪವನ್ನು ಇಂದು ವಾಚಕರ ಮುಂದೆ ತಿದ್ದಿಕೊಳ್ಳುತ್ತೇವೆ.

ಸಂಡೂರನ್ನು ೧೭೨೮ರಲ್ಲಿ ಬೇಡ ಪಾಳೆಯಗಾರನಿಂದ ಗೆದ್ದವನು ಸಿದ್ದೋಜಿರಾಯ. ಅವನ ಜ್ಯೇಷ್ಠಪುತ್ರನೇ ಗುತ್ತಿಯ ಮುರಾರಿರಾಯನು. ಇವನ ೬೦೦೦ ಮಂದಿಯ ಮರಾಠಾ ದಂಡು ಕ್ಲೈವನ ಸಹಾಯಕ್ಕೆ ಬರಲಿದೆಯೆಂಬ ವಾರ್ತೆಯು ಮುಟ್ಟಲು, ಮುತ್ತಿಗೆ ಹಾಕಿದವರು ಆತುರದಿಂದ ಲಗ್ಗೆಯೇರಿ, ಸೋತು ಹಿಂದೆಗೆದರು. ಆರಣಿಯ ಕಾಳಗದಲ್ಲಿಯೂ ಮರಾಠಾ ರಾವುತರು ಕ್ಲೈವನ ಜತೆಗಿದ್ದರು. ಮುಂದೆ ಮುರಾರಿರಾಯನು ಫ್ರೆಂಚರ ಪಕ್ಷವನ್ನೂ ಹಿಡಿದನು. ಅವನು ನಿರ್ದೋಷಿಯೆಂದು ನಾವು ವಾದಿಸುವುದಿಲ್ಲ.

ಇನ್ನು ಇಬ್ಬರ ಮನೆಗಳ ವಿಚಾರ. ಕ್ಲೈವನು ಧನಿಕನಾಗಿ ಸ್ವದೇಶಕ್ಕೆ ಮರಳಿ ೧೭೬೧ರಲ್ಲಿ ಪಾರ್ಲಿಮೆಂಟಿನ ಸದಸ್ಯನಾದನು. ಅವನ ತಂದೆ ರಿಚರ್ಡನೂ ಆಗ ಆ ಸಭೆಯಲ್ಲಿದ್ದನು. ೧೭೭೪ರಲ್ಲಿ ಕ್ಲೈವನು ತೀರಿಕೊಂಡನು. ಮಗ ಎಡ್ವರ್ಡನು ೧೭೯೮ರಲ್ಲಿ ಮದರಾಸಿನ ಗವರ್ನರನಾಗಿ ಬಂದನು. ಅವನ ಅಧಿಕಾರಕಾಲದಲ್ಲಿಯೇ, ೧೮೦೦ರಲ್ಲಿ, ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿಗೆ ಒಪ್ಪಿಸಲು, ಹೊಸಪೇಟೆ ಕಂಪ್ಲಿಗಳು ಕಂಪನಿಯ ಕೈಸೇರಿದುವು.

ಮುರಾರಿರಾಯನ ಗತಿ ಬೇರೆಯಾಯಿತು. ೧೭೭೬ರಲ್ಲಿ ಹೈದರನು ಗುತ್ತಿಯನ್ನು ಹಿಡಿದನು. ರಾಯನು ಕಬ್ಬಾಳದುರ್ಗದ ಸೆರೆಯಲ್ಲಿ ಪ್ರಾಣಬಿಟ್ಟನು. ಅವನ ಔರಸಪುತ್ರರಿಬ್ಬರಿಗೂ ಸಂತಾನವಾಗಲಿಲ್ಲ. ದತ್ತುಪುತ್ರ ಶಿವರಾಯನು ಸಂಡೂರನ್ನು ಮರಳಿ ಪಡೆಯಲು ಹೋಗಿ ೧೭೮೫ರಲ್ಲಿ ಮಡಿದನು. ಉಳಿದದ್ದು ಎರಡು ವರ್ಷದ ಕೂಸು ಸಿದ್ದೋಜಿ! ಪಾಲಕನಾದ ವೆಂಕಟರಾಯನು ೧೭೯೦ರಲ್ಲಿ ಟೀಪುವಿನ ದಂಡನ್ನು ಹೊರದೂಡಿ ಆ ಕೂಸಿಗಾಗಿ ಸಂಡೂರನ್ನು ಗಳಿಸಿದನು. ಆ ಬಾಲಕನೂ ೧೭೯೬ರಲ್ಲಿ ತೀರಿಕೊಳ್ಳಲು, ಅವನ ಪತ್ನಿಯು ಮತ್ತೊಬ್ಬ ಶಿವರಾಯನನ್ನು ದತ್ತು ತೆಗೆದುಕೊಂಡಳು. ೧೮೧೭ರಲ್ಲಿ ಕೈಬಿಟ್ಟ ಸಂಡೂರು ೧೮೧೮ರಲ್ಲಿ ಇವನಿಗೆ ಮರಳಿ ದೊರೆಯಿತು. ೧೯೪೯ರಲ್ಲಿ ಭಾರತದಲ್ಲಿ ವಿಲೀನವಾಗುವವರೆಗೂ ಆ ಸಂಸ್ಥಾನವು ಘೋರ್ಪಡೆಯವರಲ್ಲಿಯೇ ನಿಂತಿತು.

ಕೀರ್ತಿಯನ್ನು ಗಳಿಸುವವನೊಬ್ಬ, ಮನೆಯನ್ನು ಉಳಿಸುವವರು ಬೇರೆ. ಸೆರೆಯಲ್ಲಿ ಸತ್ತ ವೀರನ ಮನೆಯನ್ನು ಉಳಿಸಿದವರು ಒಬ್ಬ ಪಾಲಕ, ಒಬ್ಬ ಬಾಲವಿಧವೆ. ನಾವು ಪಾಠ ಹೇಳಿದ ಪುಸ್ತಕದಲ್ಲಿ ಇವರಿಗೆ ಒಂದು ಸಾಲೂ ಇರಲಿಲ್ಲ. ನಿಮ್ಮ ಮಕ್ಕಳು ಕ್ಲೈವನ ಪಾಠವನ್ನು ಓದುವಾಗ, ದಕ್ಷಿಣದಲ್ಲಿ ಕಾಣುವ ಸಂಡೂರಿನ ಬೆಟ್ಟಗಳನ್ನು ತೋರಿಸಿ, ಉಳಿದ ಪಾಠವು ಅಲ್ಲಿದೆಯೆಂದು ಹೇಳಿರಿ.