ಮನೆಯ ಮಾರ್ಪಾಡು ಮತ್ತು ಗುತ್ತಿಗೆದಾರ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ಕಟ್ಟಿದ ಮನೆಯನ್ನು ಒಡೆದು ಮಾರ್ಪಡಿಸಹೊರಟವನ ಪಾಡನ್ನು ಕುರಿತು ಆ ಗಾದೆ ಏನನ್ನೂ ಹೇಳುವುದಿಲ್ಲ. ಬಹುಶಃ ಅಂದಿನ ಕಾಲಕ್ಕೆ ಅದರ ಅಗತ್ಯವಿರಲಿಲ್ಲ. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವುದು, ಹಬ್ಬಕ್ಕೆ ಸುಣ್ಣ ಬಳಿಯುವುದು, ಗೆದ್ದಲು ಹಿಡಿದ ಜಂತೆಯೊಂದನ್ನು ಬದಲಿಸುವುದು, ಇಷ್ಟರಲ್ಲಿ ಮನೆಯ ದುರಸ್ತಿ ಮುಗಿಯುತ್ತಿತ್ತು. ತಾತ ಕಟ್ಟಿಸಿದ ಮನೆಯಲ್ಲಿ ಮೊಮ್ಮಗನು ಅದೇ ಪಡಸಾಲೆಯಲ್ಲಿ ಕುಳಿತು ಉಣ್ಣುತ್ತಿದ್ದನು.

ಇಂದಿನ ಸ್ಥಿತಿ ಬೇರೆ. ಅಡುಗೆಮನೆಗೆ ಕಟ್ಟೆ ಬೇಕು, ಮಲಗುವ ಕೋಣೆಗೆ ಹೊಂದಿದಂತೆ ಸ್ನಾನದ ಮನೆ ಬೇಕು, ಮಗನ ಮದುವೆಯ ಹೊತ್ತಿಗೆ ಮೇಲೊಂದು ಕೋಣೆ ಏಳಬೇಕು. ಈ ಬಯಕೆಗಳಲ್ಲಿ ತಪ್ಪೇನೂ ಇಲ್ಲ. ಬದುಕು ಬದಲಾದಂತೆ ಮನೆಯೂ ಬದಲಾಗುವುದು ಸಹಜವೇ. ಆದರೆ ಬದಲಾಯಿಸುವ ಕೆಲಸವನ್ನು ಯಾರ ಕೈಗೆ ಒಪ್ಪಿಸಬೇಕು ಎಂಬ ಪ್ರಶ್ನೆಗೆ ನಮ್ಮ ಜನ ಕೊಡಬೇಕಾದಷ್ಟು ಗಮನವನ್ನು ಕೊಡುತ್ತಿಲ್ಲ. ಮಗಳಿಗೆ ವರನನ್ನು ಹುಡುಕುವಾಗ ಮೂರು ತಲೆಮಾರನ್ನು ವಿಚಾರಿಸುವ ಮನೆಯೊಡೆಯನು, ಜೀವಮಾನದ ಉಳಿತಾಯವನ್ನು ಒಪ್ಪಿಸಿಕೊಡುವಾಗ ಎದುರಿಗಿರುವವನ ಪೂರ್ಣ ಹೆಸರನ್ನು ಕೂಡ ಕೇಳದಿರುವುದುಂಟು.

ಹೊಸ ಮನೆ ಕಟ್ಟುವುದಕ್ಕಿಂತ ಹಳೆಯ ಮನೆಯನ್ನು ಮಾರ್ಪಡಿಸುವುದು ಹೆಚ್ಚು ತಿಳಿವಳಿಕೆಯನ್ನು ಬೇಡುವ ಕೆಲಸ. ಹೊಸದರಲ್ಲಿ ಪಾಯದಿಂದ ಮೊದಲ್ಗೊಂಡು ಎಲ್ಲವೂ ಕಣ್ಣೆದುರಿಗೇ ಏಳುತ್ತದೆ. ಹಳೆಯದರಲ್ಲಿ ಮುಖ್ಯವಾದುದೆಲ್ಲ ಗಾರೆಯ ಹಿಂದೆ ಅಡಗಿರುತ್ತದೆ. ಗೋಡೆಯನ್ನು ಸಿಮೆಂಟಿನಲ್ಲಿ ಕಟ್ಟಿದೆಯೋ, ಸುಣ್ಣದ ಗಾರೆಯಲ್ಲಿ ಕಟ್ಟಿದೆಯೋ, ಬರಿಯ ಕೆಸರುಮಣ್ಣಿನಲ್ಲಿ ಕಟ್ಟಿದೆಯೋ; ಅದು ಮಾಡಿನ ಭಾರವನ್ನು ಹೊತ್ತಿದೆಯೋ, ಇಲ್ಲವೆ ಕೇವಲ ಮರೆಗಾಗಿ ನಿಂತಿದೆಯೋ; ತಂತಿಗಳು ಎಲ್ಲಿ ಹಾಯ್ದಿವೆ, ಕೊಳವೆಗಳು ಎಲ್ಲಿ ತುಕ್ಕು ಹಿಡಿದಿವೆ, ಇವನ್ನೆಲ್ಲ ಮೇಲುನೋಟಕ್ಕೆ ಹೇಳಲಾಗದು.

ಭಾರದ ಮಾತನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಆ ಹೆಂಚು ನಾಡಿನ ಉದ್ದಗಲಕ್ಕೂ ಹರಡಿತು. ರೀಪುಗಳೂ ಸೇರಿ ಅಂತಹ ಹೆಂಚಿನ ಮಾಡು ಒಂದು ಚದರ ಮೀಟರಿಗೆ ಸುಮಾರು 65 ಕಿಲೋಗ್ರಾಂ ತೂಗುತ್ತದೆ. ಅದೇ ಜಾಗದ ಮೇಲೆ 5 ಅಂಗುಲ ದಪ್ಪದ ಕಾಂಕ್ರೀಟ್ ತಾರಸಿಯನ್ನು ಹಾಕಿದರೆ ತೂಕ 300 ಕಿಲೋಗ್ರಾಮನ್ನು ಮೀರುತ್ತದೆ. 12 ಅಡಿ ಉದ್ದ, 10 ಅಡಿ ಅಗಲದ ಸಣ್ಣ ಕೋಣೆಯೊಂದರ ಮೇಲೆ ಮುಕ್ಕಾಲು ಟನ್ನಿನಷ್ಟಿದ್ದ ಭಾರವು ಸುಮಾರು 3.5 ಟನ್ನಿಗೆ ಏರುತ್ತದೆ. ಕೆಸರುಮಣ್ಣಿನಲ್ಲಿ ಕಟ್ಟಿದ ಗೋಡೆ ಆ ಹೊರೆಯನ್ನು ಹೊರಬಲ್ಲುದೆ ಎಂಬುದನ್ನು ಲೆಕ್ಕ ಹಾಕಿ ಹೇಳಬೇಕೇ ಹೊರತು ಗೋಡೆಯನ್ನು ತಟ್ಟಿ ನೋಡಿ ಹೇಳುವಂತಿಲ್ಲ.

ತಾಲ್ಲೂಕು ಕೇಂದ್ರವೊಂದರಲ್ಲಿ ನಿವೃತ್ತ ಶಿಕ್ಷಕರೊಬ್ಬರಿದ್ದಾರೆಂದು ಇಟ್ಟುಕೊಳ್ಳೋಣ. ಇಂತಹವರು ಯಾವ ಊರಿನಲ್ಲಿಯೂ ಸಿಗುತ್ತಾರೆ. ನಿವೃತ್ತಿಯ ಉಪದಾನ ಕೈಗೆ ಬಂದಿದೆ. ಪಡಸಾಲೆಗೂ ಕೋಣೆಗೂ ನಡುವಣ ಗೋಡೆಯನ್ನು ತೆಗೆಸಿ ವಿಶಾಲವಾದ ಹಜಾರ ಮಾಡಿಸಬೇಕೆಂಬ, ಮೇಲೊಂದು ಕೋಣೆ ಏರಿಸಬೇಕೆಂಬ ಆಸೆ ಅವರ ಮನೆಯವರದು. ಹತ್ತು ವರ್ಷಗಳ ಹಿಂದೆ ಕಾಂಪೌಂಡು ಗೋಡೆಯನ್ನು ಚೊಕ್ಕಟವಾಗಿ ಕಟ್ಟಿಕೊಟ್ಟ ಪರಿಚಯದ ಮೇಸ್ತ್ರಿಯನ್ನು ಕರೆಸುತ್ತಾರೆ. "ಮೇಷ್ಟ್ರೇ, ನಾನು ನೋಡದ ಗೋಡೆಯೆ? ಏನೂ ಆಗುವುದಿಲ್ಲ ಬಿಡಿ. ಮೂರು ತಿಂಗಳಿಗೆ ಗೃಹಪ್ರವೇಶದ ಹಾಗೆ ಊಟ ಹಾಕಿಸಿ" ಎನ್ನುತ್ತಾನೆ ಆತ. ಕಾಗದ ಬರೆಯಿಸಿಕೊಳ್ಳಲು ಶಿಕ್ಷಕರಿಗೆ ಸಂಕೋಚ. ಹಳೆಯ ವಿದ್ಯಾರ್ಥಿಯ ತಂದೆ. ನಂಬಿಕೆ ಇಲ್ಲವೆಂದು ಭಾವಿಸಿಯಾನು! ಅರ್ಧ ಹಣ ಮುಂಗಡವಾಗಿ ಸಲ್ಲುತ್ತದೆ.

ಮುಂದಿನ ಕತೆಯನ್ನು ಊಹಿಸುವುದು ಕಷ್ಟವಲ್ಲ. ಗೋಡೆ ಎರಡೇ ದಿನದಲ್ಲಿ ಉರುಳುತ್ತದೆ, ಏಕೆಂದರೆ ಒಡೆಯುವುದು ಯಾವಾಗಲೂ ಬೇಗ. ಬಳಿಕ ಮೇಸ್ತ್ರಿಗೆ ಮತ್ತೊಂದು ಕಡೆ ದೊಡ್ಡ ಕೆಲಸ ಒದಗುತ್ತದೆ. ಇಲ್ಲಿಗೆ ವಾರಕ್ಕೊಮ್ಮೆ ಇಬ್ಬರು ಆಳುಗಳು ಬಂದು ಹೋಗುತ್ತಾರೆ. ಅಂಗಳದಲ್ಲಿ ಸುರಿದ ಮರಳು ಮಳೆಗೆ ಕೊಚ್ಚಿಹೋಗುತ್ತದೆ. ಮೇಲಿನ ಕೋಣೆ ಹೇಗೋ ಮುಗಿದ ಮೊದಲ ವರ್ಷವೇ ಕೆಳಗಿನ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕೊಂದು ಏಳುತ್ತದೆ. ಆಗ ಇಂಜಿನಿಯರನ್ನು ಕರೆದರೆ, ತೆಗೆದ ಗೋಡೆಯೇ ನಡುವಿನ ಹೊರೆಯನ್ನು ಹೊತ್ತಿತ್ತೆಂದೂ ಮೇಲಿನ ಕೋಣೆಯನ್ನು ಇಳಿಸದೆ ಮಾರ್ಗವಿಲ್ಲವೆಂದೂ ಹೇಳುತ್ತಾನೆ. ಇಲ್ಲಿ ಮೇಸ್ತ್ರಿ ವಂಚಕನಲ್ಲ ಎಂಬುದನ್ನು ಗಮನಿಸಬೇಕು. ಅವನು ತನಗೆ ತಿಳಿದುದನ್ನು ಮಾಡಿದನು; ತನಗೆ ತಿಳಿಯದುದು ಯಾವುದು ಎಂಬುದನ್ನು ಅವನಿಗೆ ಯಾರೂ ತಿಳಿಸಿರಲಿಲ್ಲ.

ತಿಳಿಯದುದರ ಬೆಲೆ ಕೆಲವೊಮ್ಮೆ ಹಣದಲ್ಲಿ ಮುಗಿಯುವುದಿಲ್ಲ. 2017ರ ಜುಲೈ 25ರಂದು ಮುಂಬಯಿಯ ಘಾಟ್ಕೋಪರದಲ್ಲಿ ಜನವಸತಿಯ ಕಟ್ಟಡವೊಂದು ಕುಸಿದು 17 ಮಂದಿ ಪ್ರಾಣ ಕಳೆದುಕೊಂಡರು. ನೆಲದ ಅಂತಸ್ತಿನಲ್ಲಿ ಮಾರ್ಪಾಡಿನ ಕೆಲಸ ನಡೆದಿತ್ತು. ಆ ಕೆಲಸದಲ್ಲಿ ಕಂಬಗಳಿಗೆ ಕೈ ಹಾಕಲಾಯಿತೆಂಬುದು ಕೇಳಿಬಂದ ಆರೋಪ. ಸತ್ತವರಲ್ಲಿ ಬಹುಮಂದಿ ಮೇಲಿನ ಅಂತಸ್ತುಗಳಲ್ಲಿ ತಮ್ಮ ಪಾಡಿಗೆ ತಾವಿದ್ದವರು. ಒಬ್ಬನ ಮನೆಯ ಗೋಡೆ ಅವನೊಬ್ಬನದೇ ಅಲ್ಲ; ಅದರಡಿಯಲ್ಲಿ ಸುತ್ತಿಗೆ ಹಿಡಿದು ನಿಂತ ಕೂಲಿಯಾಳಿಗೂ ಅದರ ಮೇಲೆ ಮಲಗಿದ ನೆರೆಯವನಿಗೂ ಅದರಲ್ಲಿ ಪಾಲುಂಟು.

ಪರವಾನಗಿಯ ಪ್ರಶ್ನೆ ಏಳುವುದು ಇಲ್ಲಿಯೇ. ನಮ್ಮ ನಾಡಿನಲ್ಲಿ ಈ ವಿಷಯದ ವ್ಯವಸ್ಥೆ ಒಂದೇ ತೆರನಾಗಿಲ್ಲ. ವಿದ್ಯುತ್ತಿನ ಕೆಲಸಕ್ಕೆ ಕಾನೂನು ಸ್ಪಷ್ಟವಾಗಿದೆ. ದೀಪ, ಫ್ಯಾನು, ಸ್ವಿಚ್ಚುಗಳನ್ನು ಬದಲಿಸುವಂತಹ ಸಣ್ಣ ಕೆಲಸಗಳನ್ನು ಬಿಟ್ಟರೆ, ಮನೆಯ ವಿದ್ಯುತ್ ಜೋಡಣೆಯಲ್ಲಿ ಮಾಡುವ ಸೇರ್ಪಡೆಯನ್ನಾಗಲಿ ಬದಲಾವಣೆಯನ್ನಾಗಲಿ ರಾಜ್ಯ ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನೇ ಮಾಡಬೇಕು. ಅರ್ಹತಾಪತ್ರವುಳ್ಳವನು ಅದನ್ನು ನೇರವಾಗಿ ನಿಂತು ನೋಡಿಕೊಳ್ಳಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿಯೇ ಇದ್ದ ಈ ವಿಧಿ ಇಂದಿನ ನಿಯಮಗಳಲ್ಲಿಯೂ ಮುಂದುವರಿದಿದೆ. ಬೆಂಗಳೂರಿನಲ್ಲಿ ಕೊಳಾಯಿ ಕೆಲಸದವರಿಗೆ ಜಲಮಂಡಳಿ ಪರವಾನಗಿ ನೀಡುತ್ತದೆ. ಆದರೆ ಗೋಡೆ ಕೆಡವಿ ತಾರಸಿ ಹಾಕುವವನಿಗೆ? ಲೋಕೋಪಯೋಗಿ ಇಲಾಖೆ ಗುತ್ತಿಗೆದಾರರನ್ನು ದರ್ಜೆವಾರು ನೋಂದಾಯಿಸಿಕೊಳ್ಳುವುದು ನಿಜ. ಅದು ಸರ್ಕಾರಿ ಕಾಮಗಾರಿಗಳಿಗಾಗಿ. ಖಾಸಗಿ ಮನೆಯನ್ನು ಮಾರ್ಪಡಿಸುವವನಿಗೆ ಅಂತಹ ಕಟ್ಟಳೆಯಿಲ್ಲ. ಮನೆಗಳನ್ನು ಕಟ್ಟಿ ಮಾರುವವರನ್ನು ನಿಯಂತ್ರಿಸಲು 2016ರಲ್ಲಿ ಬಂದ ಕಾನೂನು ಕೂಡ, ಮಾರಾಟದ ಉದ್ದೇಶವಿಲ್ಲದ ದುರಸ್ತಿಯನ್ನೂ ನವೀಕರಣವನ್ನೂ ನೋಂದಣಿಯಿಂದ ಹೊರಗಿಟ್ಟಿದೆ. ಗೋಡೆಯೊಳಗಿನ ತಂತಿಗೆ ಪರವಾನಗಿ ಬೇಕು, ಗೋಡೆಗೆ ಬೇಡ ಎಂಬುದು ವಿಚಿತ್ರವಲ್ಲವೆ?

ಎಲ್ಲ ದೇಶಗಳಲ್ಲಿಯೂ ಹೀಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 1929ರಷ್ಟು ಹಿಂದೆಯೇ ಗುತ್ತಿಗೆದಾರರ ಪರವಾನಗಿಗಾಗಿ ಪ್ರತ್ಯೇಕ ವ್ಯವಸ್ಥೆ ಏರ್ಪಟ್ಟಿತು. ನಾಲ್ಕು ವರ್ಷಗಳ ಅನುಭವವನ್ನು ತೋರಿಸಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, 25,000 ಡಾಲರುಗಳ ಜಾಮೀನುಪತ್ರವನ್ನು ಒದಗಿಸಿದವನಿಗೆ ಅದು ದೊರೆಯುತ್ತದೆ. ಮನೆಯ ಮಾರ್ಪಾಡಿಗೆ ಅವನು ಪಡೆಯಬಹುದಾದ ಮುಂಗಡ ಒಟ್ಟು ಮೊತ್ತದ ಹತ್ತನೆಯ ಒಂದು ಭಾಗವನ್ನಾಗಲಿ 1,000 ಡಾಲರನ್ನಾಗಲಿ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು, ಮೀರುವಂತಿಲ್ಲ. ಪರವಾನಗಿ ಬೇಕಾದ ಕೆಲಸವನ್ನು ಪರವಾನಗಿಯಿಲ್ಲದೆ ಮಾಡಿದವನು ಕೂಲಿಗಾಗಿ ನ್ಯಾಯಾಲಯದ ಮೆಟ್ಟಿಲನ್ನೇರಿದರೂ ಪ್ರಯೋಜನವಿಲ್ಲ. ಇಷ್ಟೆಲ್ಲ ಇದ್ದರೂ ಅಲ್ಲಿಯೂ ಮೋಸ ಹೋಗುವವರು ಇದ್ದೇ ಇದ್ದಾರೆ. ಆದರೆ ಮೋಸ ಹೋದವನಿಗೆ ದೂರು ಒಯ್ಯಲು ಒಂದು ಬಾಗಿಲಿದೆ.

ಇದನ್ನು ಒಪ್ಪದವರ ಮಾತನ್ನೂ ಕೇಳಬೇಕು. ಕಾಗದವು ಗೋಡೆಯನ್ನು ಕಟ್ಟುವುದಿಲ್ಲ, ಕೈ ಕಟ್ಟುತ್ತದೆ ಎನ್ನುತ್ತಾರೆ ಅವರು. ಇದು ಸುಳ್ಳಲ್ಲ. ತೂಗುಗುಂಡನ್ನು ಇಳಿಬಿಟ್ಟು ಕೂದಲೆಳೆಯಷ್ಟೂ ವಾಲದಂತೆ ಗೋಡೆ ಏರಿಸುವ, ಶಾಲೆಯ ಮುಖವನ್ನೇ ಕಾಣದ ಮೇಸ್ತ್ರಿಗಳು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಒಬ್ಬನ ಹೆಸರಿನ ಪರವಾನಗಿಯನ್ನು ಮತ್ತೊಬ್ಬನು ಎರವಲು ಪಡೆದು, ಮೂರನೆಯವನಿಂದ ಕೆಲಸ ಮಾಡಿಸುವ ದುರಭ್ಯಾಸವೂ ಇಲ್ಲದಿಲ್ಲ. ಪರವಾನಗಿಯೆಂದರೆ ಖರ್ಚು ಹೆಚ್ಚು, ಬಡವನಿಗೆ ಹೊರೆ ಎಂಬ ಆಕ್ಷೇಪವೂ ಉಂಟು. ಇವೆಲ್ಲ ಪರವಾನಗಿಯನ್ನು ಹೇಗೆ ಕೊಡಬೇಕು ಎಂಬುದಕ್ಕೆ ಸಂಬಂಧಿಸಿದ ಮಾತುಗಳೇ ಹೊರತು ಅದು ಬೇಡವೆಂಬುದಕ್ಕೆ ಆಧಾರಗಳಲ್ಲ. ಬಸ್ಸು ನಡೆಸುವವನಿಗೆ ಕೈಚಳಕ ಮುಖ್ಯವೆಂಬುದು ಎಲ್ಲರಿಗೂ ಗೊತ್ತು. ಹಾಗೆಂದು ಪರವಾನಗಿಯಿಲ್ಲದವನ ಬಸ್ಸಿನಲ್ಲಿ ಮಕ್ಕಳನ್ನು ಕೂರಿಸುವ ತಂದೆ ಯಾರಿದ್ದಾನೆ?

ಪರವಾನಗಿಗಿಂತಲೂ ಹಳೆಯದು ಕರಾರು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ಓಲೆಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕುಶಲಕರ್ಮಿಗಳ ವಿಷಯವಾಗಿ ಒಂದು ಪ್ರಕರಣವಿದೆ. ಗೊತ್ತುಪಡಿಸಿದ ಸ್ಥಳ, ಕಾಲ, ಕೆಲಸಗಳಿಗೆ ತಕ್ಕಂತೆ ಅವರು ನಡೆಯಬೇಕು. ಅವಧಿ ಮೀರಿದರೆ ಕೂಲಿಯಲ್ಲಿ ಕಾಲುಭಾಗ ಖೋತಾ, ಅದರ ಇಮ್ಮಡಿ ದಂಡ. ಇಂದಿನ ಮನೆಯೊಡೆಯನಿಗೆ ಅಷ್ಟು ಕಠಿಣವಾದ ದಂಡ ಬೇಕಾಗಿಲ್ಲ. ಅಷ್ಟು ಸ್ಪಷ್ಟವಾದ ಮಾತು ಸಾಕು. ಬಾಯಿಮಾತಿನ ಒಪ್ಪಂದವೂ ಕಾನೂನಿನ ಕಣ್ಣಿಗೆ ಒಪ್ಪಂದವೇ. ಆದರೆ ಅದನ್ನು ಸಾಬೀತುಪಡಿಸುವ ಹೊತ್ತಿಗೆ ಇಬ್ಬರ ನೆನಪೂ ಎರಡು ದಾರಿ ಹಿಡಿದಿರುತ್ತವೆ. ಕೂಲಿ ಮಾತ್ರದ ಗುತ್ತಿಗೆಯೋ, ಸಾಮಾನು ಸಹಿತವೋ, ಚದರಕ್ಕೆ ಎಷ್ಟು, ಯಾವ ದಪ್ಪದ ಕಂಬಿ, ಕೆಡವಿದ ಕಲ್ಲುಮಣ್ಣನ್ನು ಸಾಗಿಸುವ ಖರ್ಚು ಯಾರದು ಎಂಬಿಷ್ಟನ್ನು ಒಂದು ಹಾಳೆಯ ಮೇಲೆ ಬರೆದು ಇಬ್ಬರೂ ರುಜು ಹಾಕುವುದರಲ್ಲಿ ಅಪನಂಬಿಕೆಯ ಮಾತೆಲ್ಲಿ ಬಂತು? ಹಣವನ್ನೂ ಕೆಲಸ ಏರಿದಂತೆ ಏರಿಸಬೇಕು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಜಾಗದಲ್ಲಿ ಈಗ 2019ರ ಕಾಯಿದೆ ಬಂದಿದೆ. ಮನೆಯ ನಿರ್ಮಾಣವನ್ನು ಅದು ಸೇವೆಯೆಂದೇ ಪರಿಗಣಿಸುತ್ತದೆ. ಕೈಯಲ್ಲಿ ಆ ಹಾಳೆಯೂ ರಸೀದಿಗಳೂ ಇದ್ದವನು ಜಿಲ್ಲಾ ಆಯೋಗದ ಮುಂದೆ ಮಾತನಾಡಬಲ್ಲನು.

ಕರಾರಿನಲ್ಲಿ ಸೇರಲೇಬೇಕಾದ ಇನ್ನೊಂದು ಅಂಶವನ್ನು ಹೆಚ್ಚಿನವರು ಮರೆಯುತ್ತಾರೆ. ಅದು ನೀರುಣಿಸುವ ದಿನಗಳ ಲೆಕ್ಕ. ಭಾರತೀಯ ಮಾನಕ ಸಂಸ್ಥೆಯ 2000ದ ಸಂಹಿತೆಯ ಪ್ರಕಾರ ಸಾಧಾರಣ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಬೂದಿ ಮುಂತಾದುವು ಬೆರೆತ ಸಿಮೆಂಟಾದರೆ 10 ದಿನ ಒದ್ದೆಯಾಗಿಡಬೇಕು. ಬಿಸಿಲಿನ ಒಣಹವೆಯಲ್ಲಿ ಇದು ಇನ್ನೂ ಹೆಚ್ಚಬೇಕು. ತಾರಸಿಯ ಅಡಿಯ ಊರುಗಂಬಗಳನ್ನು, ಅಂತರ 4.5 ಮೀಟರಿನೊಳಗಿದ್ದರೂ, 7 ದಿನಗಳಿಗೆ ಮುಂಚೆ ತೆಗೆಯಬಾರದು. ಅಂತರ ಅದಕ್ಕೂ ಹೆಚ್ಚಾದರೆ 14 ದಿನ ಕಾಯಬೇಕು. ಸೆಂಟ್ರಿಂಗ್ ಹಲಗೆಯ ಬಾಡಿಗೆ ದಿನದಿನಕ್ಕೂ ಏರುವುದರಿಂದ ಅದನ್ನು ಬೇಗ ಕಳಚುವ ಆತುರ ಗುತ್ತಿಗೆದಾರನಿಗೆ ಇದ್ದೇ ಇರುತ್ತದೆ. ತಾರಸಿ ಹಾಕಿದ ಮರುದಿನದಿಂದ ನೀರು ಹಾಕುವ ಹೊಣೆ ಯಾರದೆಂದು ಬರೆಯದಿದ್ದರೆ ಅದು ಯಾರದೂ ಅಲ್ಲದೆ ಹೋಗುತ್ತದೆ.

ಸರ್ಕಾರವು ಮನೆ ಮಾರ್ಪಾಡಿನ ಗುತ್ತಿಗೆದಾರರಿಗೂ ಪರವಾನಗಿಯನ್ನು ವಿಧಿಸುವುದು ಯುಕ್ತ. ಆದರೆ ಅದು ಇಂಗ್ಲಿಷಿನಲ್ಲಿ ಬರೆಯಬಲ್ಲವರ ಸೊತ್ತಾಗಬಾರದು. ಪರೀಕ್ಷೆ ಕನ್ನಡದಲ್ಲಿರಲಿ, ಓದುಬರಹ ಬಾರದವನಿಗೆ ಬಾಯಿಮಾತಿನಲ್ಲಿ, ಕಟ್ಟಡದ ಎದುರಿನಲ್ಲಿಯೇ ನಡೆಯಲಿ. ಯಾವ ಗೋಡೆ ಭಾರ ಹೊರುತ್ತದೆ, ಯಾವ ಹೊತ್ತಿನಲ್ಲಿ ಇಂಜಿನಿಯರನ್ನು ಕರೆಯಬೇಕು ಎಂಬೆರಡನ್ನು ಅವನು ಹೇಳಬಲ್ಲನಾದರೆ ಉಳಿದುದನ್ನು ಅವನ ಕರಣೆಯೇ ಹೇಳುತ್ತದೆ. ಶುಲ್ಕ ಒಂದು ದಿನದ ಕೂಲಿಯನ್ನು ಮೀರದಿರಲಿ. ಅಲ್ಲಿಯವರೆಗೆ ಮನೆಯೊಡೆಯನು, ಗೋಡೆಗೆ ಮೊದಲ ಸುತ್ತಿಗೆ ಬೀಳುವ ಮುನ್ನ ಇಂಜಿನಿಯರೊಬ್ಬನನ್ನು ಕರೆಸಿ ಒಂದು ಗಂಟೆ ಮನೆಯನ್ನು ಸುತ್ತಿಸಬಹುದು. ಮೇಸ್ತ್ರಿ ಹಿಂದೆ ಮಾರ್ಪಡಿಸಿದ ಎರಡು ಮನೆಗಳಿಗೆ, ಸಾಧ್ಯವಾದರೆ ಮಳೆಗಾಲದಲ್ಲಿ, ಹೋಗಿ ತಾರಸಿಯ ಅಡಿಯನ್ನು ತಲೆಯೆತ್ತಿ ನೋಡಬಹುದು. ವಿದ್ಯುತ್ತಿನ ಕೆಲಸಕ್ಕೆ ಬಂದವನಿಂದ ಪರವಾನಗಿಯ ಪತ್ರವನ್ನು ಕೇಳಿ, ಅದರ ಮೇಲಿನ ಹೆಸರೂ ಎದುರಿಗೆ ನಿಂತವನ ಹೆಸರೂ ಒಂದೇ ಹೌದೋ ಎಂದು ಓದಿ ನೋಡಬಹುದು.