ವೇಗ ಕಾರಿನದೋ, ಚಾಲಕನದೋ?

2009ರ ಆಗಸ್ಟ್ 30ರಂದು ಬೆಲ್ಜಿಯಂನ ಸ್ಪಾ ಸರ್ಕ್ಯೂಟ್‌ನಲ್ಲಿ ನಡೆದ ಫಾರ್ಮುಲಾ ಒನ್ ಸ್ಪರ್ಧೆಯ ಫಲಿತಾಂಶ ಪಟ್ಟಿಯನ್ನು ಅಂಕಿ-ಅಂಶಗಳಲ್ಲಿ ಆಸಕ್ತಿಯಿರುವ ಯಾರೇ ಆದರೂ ಒಮ್ಮೆ ತೆರೆದು ನೋಡಬೇಕು. ವಿಜಯ್ ಮಲ್ಯ ಅವರ ಮುಂದಾಳತ್ವದ ಫೋರ್ಸ್ ಇಂಡಿಯಾ ತಂಡವು 2008ರಲ್ಲಿ ಕಣಕ್ಕಿಳಿದ ಲಾಗಾಯ್ತು ಅಲ್ಲಿಯವರೆಗೆ ಒಂದೇ ಒಂದು ಅಂಕವನ್ನೂ ಗಳಿಸಿರಲಿಲ್ಲ. ಅಂಥ ತಂಡದ ಚಾಲಕ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಆ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟು, ಗೆದ್ದ ಫೆರಾರಿಯ ಕಿಮಿ ರೈಕ್ಕೊನೆನ್‌ಗಿಂತ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ಅದೇ ದಿನ ಫೆರಾರಿಯ ಇನ್ನೊಂದು ಕಾರನ್ನು ಓಡಿಸಿದ ಲೂಕಾ ಬಡೋಯೆರ್, ಸ್ಪರ್ಧೆ ಮುಗಿಸಿದವರಲ್ಲೇ ಕೊನೆಯವರು. ಅಂದರೆ ಒಂದೇ ಮಾದರಿಯ ಎರಡು ಕಾರುಗಳಲ್ಲಿ ಒಂದು ಪಟ್ಟಿಯ ನೆತ್ತಿಯಲ್ಲಿ, ಇನ್ನೊಂದು ಬುಡದಲ್ಲಿ.

ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಸ್ಪರ್ಧೆಯ ವೇಳೆಗೆ ಫೆರಾರಿ ತಂಡವು ಬಡೋಯೆರ್‌ರನ್ನು ಇಳಿಸಿ ಫಿಸಿಕೆಲ್ಲಾರನ್ನೇ ಕರೆಸಿಕೊಂಡಿತು. ಆ ಋತುವಿನ ಉಳಿದ ಐದು ಸ್ಪರ್ಧೆಗಳಲ್ಲಿ ಅವರು ಗಳಿಸಿದ ಅಂಕ ಸೊನ್ನೆ. ಹಾಗಾದರೆ ಸ್ಪಾದಲ್ಲಿ ಒಳ್ಳೆಯದಾಗಿದ್ದುದು ಯಾವ ಕಾರು? ಫಿಸಿಕೆಲ್ಲಾ ಒಳ್ಳೆಯ ಚಾಲಕರೋ ಅಲ್ಲವೋ? ಅಂಕಪಟ್ಟಿಯೊಂದನ್ನೇ ಹಿಡಿದು ಕುಳಿತವರು ಈ ಪ್ರಶ್ನೆಗೆ ಉತ್ತರ ಹೇಳಲಾರರು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ, ಬಳಿಕ ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರದ ಅಂಕಿಪಟ್ಟಿಗಳ ನಡುವೆ ಬದುಕಿದವನಾಗಿ ನನಗೆ ಈ ಕ್ರೀಡೆಯ ಮೇಲೆ ಹುಟ್ಟಿದ ಆಸಕ್ತಿಗೆ ಕಾರಣ ವೇಗವಲ್ಲ, ಈ ಲೆಕ್ಕಾಚಾರದ ತೊಡಕು. ನನ್ನ ತಂಗಿಯ ಮಗ ಪ್ರತಿ ಸ್ಪರ್ಧೆಯ ಮರುದಿನ ಸುತ್ತು-ಸುತ್ತಿನ ಕಾಲಮಾನವನ್ನು ಗಣಕಯಂತ್ರಕ್ಕೆ ಇಳಿಸಿಕೊಂಡು ನಕ್ಷೆ ಬರೆಯುತ್ತಾನೆ. ಯಾವ ತಿರುವಿನಲ್ಲಿ ಯಾವ ಕಾರು ಎಷ್ಟು ವೇಗದಲ್ಲಿತ್ತು ಎಂಬುದೂ ಇಂದು ಸಾರ್ವಜನಿಕರಿಗೆ ಸಿಗುತ್ತದೆ. ಮಾಹಿತಿಗೆ ಬರವಿಲ್ಲ. ಆದರೆ ಮಾಹಿತಿ ಹೆಚ್ಚಿದಷ್ಟೂ ತೀರ್ಪು ಸರಿಯಾಗುತ್ತದೆಂಬ ನಂಬಿಕೆ ನನಗೆ ಸೇವೆಯಲ್ಲಿದ್ದಾಗಲೂ ಇರಲಿಲ್ಲ, ಈಗಲೂ ಇಲ್ಲ.

ಮೊದಲಿಗೆ ಅಂಕಗಳ ಮಾತು. ಅಂಕವೆಂಬುದು ಅಳತೆಯಲ್ಲ, ಒಂದು ಒಪ್ಪಂದ. 1988ರಲ್ಲಿ ಮೆಕ್‌ಲಾರೆನ್ ತಂಡವು 16 ಸ್ಪರ್ಧೆಗಳಲ್ಲಿ 15ನ್ನು ಗೆದ್ದಿತು. ಆ ವರ್ಷ ಅಲೈನ್ ಪ್ರಾಸ್ಟ್ ಒಟ್ಟು 105 ಅಂಕ ಗಳಿಸಿದರು, ಅದೇ ತಂಡದ ಅಯರ್ಟನ್ ಸೆನ್ನಾ 94. ಆದರೂ ವಿಶ್ವ ಚಾಂಪಿಯನ್ ಪಟ್ಟ ದಕ್ಕಿದ್ದು ಸೆನ್ನಾಗೆ. ಏಕೆಂದರೆ ಅಂದಿನ ನಿಯಮದಂತೆ ಪ್ರತಿಯೊಬ್ಬರ ಅತ್ಯುತ್ತಮ 11 ಫಲಿತಾಂಶಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಆ ಲೆಕ್ಕದಲ್ಲಿ ಸೆನ್ನಾಗೆ 90, ಪ್ರಾಸ್ಟ್‌ಗೆ 87. ಗೆದ್ದವರಿಗೆ ಅಂದು 9 ಅಂಕ, 2010ರಿಂದ 25. ಆಧಾರ ವರ್ಷ ಬದಲಾಯಿಸಿದರೆ ಬೆಲೆ ಸೂಚ್ಯಂಕ ಬದಲಾಗುವಂತೆ, ಅಂಕಪದ್ಧತಿ ಬದಲಾದರೆ ಕಾರಿನ 'ಗುಣ'ವೂ ಬದಲಾದಂತೆ ಕಾಣುತ್ತದೆ. ಕಾರು ಮಾತ್ರ ಅದೇ ಕಾರು.

ಅಂಕದ ಬದಲು ಕಾಲಮಾನವನ್ನೇ ನೋಡೋಣವೆಂದರೆ ಅಲ್ಲಿಯೂ ಎಚ್ಚರ ಬೇಕು. ಕಾಲಮಾನವನ್ನು ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಅಳೆಯುತ್ತಾರೆ. ಅಷ್ಟು ಸೂಕ್ಷ್ಮವಾಗಿ ಅಳೆದರೂ 1997ರಲ್ಲಿ ಸ್ಪೇನ್‌ನ ಹೆರೆಜ್‌ನಲ್ಲಿ ಮೂವರು ಚಾಲಕರು ಅರ್ಹತಾ ಸುತ್ತಿನಲ್ಲಿ ತಲಾ 1 ನಿಮಿಷ 21.072 ಸೆಕೆಂಡುಗಳಲ್ಲೇ ಸುತ್ತು ಮುಗಿಸಿದ್ದರು. ಸ್ಪರ್ಧೆ ಅಷ್ಟು ಬಿಗಿ. ಆಸ್ಟ್ರಿಯಾದ ಸರ್ಕ್ಯೂಟ್ ಸುಮಾರು 4.3 ಕಿಲೋಮೀಟರ್ ಉದ್ದ, ಒಂದು ಸುತ್ತಿಗೆ ಸರಿಸುಮಾರು 65 ಸೆಕೆಂಡು ಸಾಕು; ಸ್ಪಾ 7 ಕಿಲೋಮೀಟರ್, ಸುಮಾರು 105 ಸೆಕೆಂಡು ಬೇಕು. ಅರ್ಧ ಸೆಕೆಂಡಿನ ಹಿನ್ನಡೆ ಆಸ್ಟ್ರಿಯಾದಲ್ಲಿ ಶೇ 0.77 ಆದರೆ ಸ್ಪಾದಲ್ಲಿ ಶೇ 0.48 ಮಾತ್ರ. ಆದ್ದರಿಂದಲೇ ಬಲ್ಲವರು ಪ್ರತಿ ತಂಡದ ಅತಿ ವೇಗದ ಸುತ್ತನ್ನು ಆ ವಾರಾಂತ್ಯದ ಸರ್ವಶ್ರೇಷ್ಠ ಸುತ್ತಿನ ಶೇಕಡಾವಾರಿಗೆ ಪರಿವರ್ತಿಸಿ, ಅವುಗಳನ್ನು ಋತುವಿನುದ್ದಕ್ಕೂ ಹೋಲಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಇರುವ ಸರಳ ಅಳತೆಗಳಲ್ಲಿ ಇದೇ ಪ್ರಾಮಾಣಿಕವಾದದ್ದು.

ಆದರೆ ಸರಾಸರಿ ಎಂಬುದು ಅನೇಕ ಸತ್ಯಗಳನ್ನು ನುಂಗುತ್ತದೆ. ಫೋರ್ಸ್ ಇಂಡಿಯಾ 2009ರಲ್ಲಿ ಗಳಿಸಿದ 13 ಅಂಕಗಳನ್ನೇ ತೆಗೆದುಕೊಳ್ಳಿ. ಸ್ಪಾದಲ್ಲಿ ಎಂಟು, ಮುಂದಿನ ಸ್ಪರ್ಧೆಯಾದ ಇಟಲಿಯ ಮೊಂಝಾದಲ್ಲಿ ಏಡ್ರಿಯನ್ ಸುಟಿಲ್ ನಾಲ್ಕನೆಯವರಾಗಿ ತಂದುಕೊಟ್ಟ ಐದು. ಅಲ್ಲಿಗೆ ಲೆಕ್ಕ ಮುಗಿಯಿತು, ಉಳಿದ ಸ್ಪರ್ಧೆಗಳಲ್ಲೆಲ್ಲ ಬರಿಗೈ. ಎರಡೂ ಉದ್ದನೆಯ ನೇರ ಹಾದಿಗಳಿರುವ ಸರ್ಕ್ಯೂಟ್‌ಗಳು. ಮೊಂಝಾದಲ್ಲಂತೂ ಸುತ್ತಿನ ಸುಮಾರು ಮುಕ್ಕಾಲು ಪಾಲು ಆಕ್ಸಿಲರೇಟರನ್ನು ಪೂರ್ತಿ ಒತ್ತಿಯೇ ಓಡಿಸುತ್ತಾರೆ. ಗಾಳಿಯ ತಡೆಯನ್ನು ಕಡಿಮೆ ಎದುರಿಸುವ ಕಾರಾಗಿದ್ದರಿಂದ ಅಲ್ಲಿ ಅದು ಮಿಂಚಿತು. ಬೆನ್ನಹಿಂದೆಯೇ ಬಂದ ಸಿಂಗಪುರದ ಬೀದಿ ಸರ್ಕ್ಯೂಟ್‌ನಲ್ಲಿ ಮತ್ತೆ ಮಂಕಾಯಿತು. ಇನ್ನೊಂದು ವಿವರ: ಸ್ಪಾದಲ್ಲಿ ರೈಕ್ಕೊನೆನ್ ಫಿಸಿಕೆಲ್ಲಾರನ್ನು ದಾಟಿದ್ದು ಬ್ರೇಕ್ ಹಾಕುವಾಗಿನ ಶಕ್ತಿಯನ್ನು ಕೂಡಿಟ್ಟು ಮರಳಿ ಬಳಸುವ 'ಕೆರ್ಸ್' ಸಾಧನದ ನೆರವಿನಿಂದ. ಫೋರ್ಸ್ ಇಂಡಿಯಾ ಕಾರಿನಲ್ಲಿ ಅದು ಇರಲಿಲ್ಲ.

ದೊಡ್ಡ ತಂಡಗಳೂ ಇದಕ್ಕೆ ಹೊರತಲ್ಲ. 2023ರಲ್ಲಿ 22 ಸ್ಪರ್ಧೆಗಳಲ್ಲಿ 21ನ್ನು ಗೆದ್ದ ರೆಡ್ ಬುಲ್, ಅದೇ ಸಿಂಗಪುರದಲ್ಲಿ ತನ್ನ ಒಂದು ಕಾರನ್ನೂ ಅರ್ಹತೆಯ ಮೊದಲ ಹತ್ತರೊಳಗೆ ತರಲಾಗದೆ ಹೋಯಿತು. 'ಅತ್ಯುತ್ತಮ ಕಾರು' ಎಂಬ ಮಾತಿಗೆ 'ಎಲ್ಲಿ?' ಎಂಬ ಪ್ರಶ್ನೆ ಸೇರದಿದ್ದರೆ ಅದಕ್ಕೆ ಅರ್ಥವಿಲ್ಲ.

ಅರ್ಹತಾ ಸುತ್ತನ್ನು ಬಿಟ್ಟು ಮುಖ್ಯ ಸ್ಪರ್ಧೆಯ ವೇಗವನ್ನು ಹೋಲಿಸಹೊರಟರೆ ತೊಡಕು ಇಮ್ಮಡಿಯಾಗುತ್ತದೆ. 2010ರಿಂದ ಸ್ಪರ್ಧೆಯ ನಡುವೆ ಇಂಧನ ತುಂಬಿಸುವಂತಿಲ್ಲ. 2019ರಿಂದ 2025ರವರೆಗಿನ ನಿಯಮದ ಪ್ರಕಾರ ಒಂದು ಸ್ಪರ್ಧೆಗೆ ಗರಿಷ್ಠ 110 ಕಿಲೋ ಇಂಧನ ಬಳಸಬಹುದಿತ್ತು. ಹತ್ತು ಕಿಲೋ ಹೆಚ್ಚುವರಿ ಭಾರಕ್ಕೆ ಸುತ್ತೊಂದಕ್ಕೆ ಸುಮಾರು 0.3 ಸೆಕೆಂಡು ನಷ್ಟ ಎಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ಹಾಗೆಂದರೆ ಹೊರಡುವಾಗಿನ ಕಾರಿಗೂ ಗುರಿ ಮುಟ್ಟುವಾಗಿನ ಅದೇ ಕಾರಿಗೂ ಮೂರು ಸೆಕೆಂಡಿಗೂ ಮಿಕ್ಕಿದ ವ್ಯತ್ಯಾಸ! ಇಂಧನ ಕರಗಿ ಕಾರು ಹಗುರವಾದಂತೆ ಇತ್ತ ಟೈರು ಸವೆದು ವೇಗ ತಗ್ಗುತ್ತದೆ. ಹಣದುಬ್ಬರವನ್ನು ಕಳೆಯದೆ ಎರಡು ವರ್ಷಗಳ ರಾಷ್ಟ್ರೀಯ ವರಮಾನವನ್ನು ಹೋಲಿಸುವುದು ಎಷ್ಟು ಸರಿಯೋ, ಇಂಧನ ಮತ್ತು ಟೈರುಗಳ ಪರಿಣಾಮವನ್ನು ಕಳೆಯದೆ ಸುತ್ತುಗಳನ್ನು ಹೋಲಿಸುವುದೂ ಅಷ್ಟೇ ಸರಿ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ದೋಷವಿದೆ, ವೀಕ್ಷಕರು ಗಮನಿಸುವುದು ವಿರಳ. ಮುಂದಿರುವ ಚಾಲಕನು ಬೇಕಾದಷ್ಟೇ ವೇಗದಲ್ಲಿ ಹೋಗುತ್ತಾನೆ, ಸಾಧ್ಯವಿರುವಷ್ಟು ವೇಗದಲ್ಲಲ್ಲ. ಟೈರು, ಎಂಜಿನ್‌ಗಳನ್ನು ಉಳಿಸಿಕೊಳ್ಳುವುದರಲ್ಲಿ ಅವನ ಜಾಣ್ಮೆಯಿದೆ. ಹಿಂದಿರುವವನಾದರೋ ಮುಂದಿನ ಕಾರು ಕದಡಿದ ಗಾಳಿಯಲ್ಲಿ ಸಿಕ್ಕಿ, ಹಿಡಿತ ಕಳೆದುಕೊಂಡು ತನ್ನ ನಿಜವಾದ ವೇಗವನ್ನು ತೋರಲಾರ. ಪಡಿತರ ಜಾರಿಯಲ್ಲಿರುವಾಗ ಅಂಗಡಿಯ ಮಾರಾಟವನ್ನು ನೋಡಿ ಜನರ ಬೇಡಿಕೆಯನ್ನು ಅಳೆದಂತೆ ಇದು.

ಇನ್ನು ಮೂಲ ಪ್ರಶ್ನೆ: ಕಾರು ಎಷ್ಟು, ಚಾಲಕ ಎಷ್ಟು? 2024ರಲ್ಲಿ ಮ್ಯಾಕ್ಸ್ ವೆರ್‌ಸ್ಟಾಪೆನ್ 437 ಅಂಕಗಳೊಂದಿಗೆ ಚಾಂಪಿಯನ್ ಆದರು. ಅವರ ಜೊತೆಗಾರ ಸೆರ್ಗಿಯೊ ಪೆರೆಜ್‌ಗೆ ಸಿಕ್ಕಿದ್ದು 152. ತಂಡಗಳ ಪಟ್ಟಿಯಲ್ಲಿ ರೆಡ್ ಬುಲ್ ಮೂರನೆಯ ಸ್ಥಾನಕ್ಕೆ ಇಳಿಯಿತು. ಆ ಕಾರು ಚಾಂಪಿಯನ್ನನ ಕಾರೇ, ಎಂಟನೆಯವನ ಕಾರೇ? ಎರಡನ್ನೂ ಕೂಡಿಸಿ ಭಾಗಿಸಿದರೆ ಸಿಗುವ ಸಂಖ್ಯೆ ಯಾರ ಕಾರನ್ನೂ ಹೇಳುವುದಿಲ್ಲ.

ಅರ್ಥಶಾಸ್ತ್ರದಲ್ಲಿ ಇದೇ ಸಮಸ್ಯೆಗೆ ಒಂದು ಪರಿಹಾರವಿದೆ. ಒಳ್ಳೆಯ ಸಂಬಳಕ್ಕೆ ಕಾರಣ ನೌಕರನ ಯೋಗ್ಯತೆಯೋ, ಸಂಸ್ಥೆಯ ಸ್ಥಿತಿಯೋ ಎಂದು ತಿಳಿಯಲು ಫ್ರಾನ್ಸ್‌ನ ದತ್ತಾಂಶವನ್ನು ಬಳಸಿ ಅಬೌಡ್, ಕ್ರಮಾರ್ಜ್, ಮಾರ್ಗೊಲಿಸ್ ಎಂಬ ಮೂವರು 1999ರಲ್ಲಿ ಒಂದು ಪ್ರಸಿದ್ಧ ಪ್ರಬಂಧ ಪ್ರಕಟಿಸಿದರು. ಸಂಸ್ಥೆಯಿಂದ ಸಂಸ್ಥೆಗೆ ಹೋದ ನೌಕರರೇ ಅದರ ಕೀಲಿಕೈ: ವ್ಯಕ್ತಿ ಅದೇ, ಜಾಗ ಬೇರೆ. ಫಾರ್ಮುಲಾ ಒನ್‌ಗೂ ಈ ಬಗೆಯ ವಿಧಾನವನ್ನು ಅನ್ವಯಿಸಿದ್ದಾರೆ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಆಂಡ್ರ್ಯೂ ಬೆಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವು 1950ರಿಂದ 2014ರವರೆಗಿನ ಫಲಿತಾಂಶಗಳನ್ನು ಜಾಲಾಡಿ, ಚಾಲಕನಿಗಿಂತ ತಂಡದ ಪಾಲೇ ದೊಡ್ಡದು, ಕಾಲ ಕಳೆದಂತೆ ಅದು ಇನ್ನೂ ಹಿಗ್ಗುತ್ತಿದೆ ಎಂದಿತು. ಮಳೆಯಲ್ಲಿ ಮತ್ತು ಬೀದಿ ಸರ್ಕ್ಯೂಟ್‌ಗಳಲ್ಲಿ ತಂಡದ ಪಾಲು ಕುಗ್ಗಬಹುದೆಂದೂ ಹೇಳಿತು. ಸಾರ್ವಕಾಲಿಕ ಶ್ರೇಷ್ಠ ಚಾಲಕರಾಗಿ ಅದರಲ್ಲಿ ಹೊಮ್ಮಿದವರು ಅರ್ಜೆಂಟೀನಾದ ಹುವಾನ್ ಮ್ಯಾನುಯೆಲ್ ಫಾಂಜಿಯೊ.

ಈ ವಿಧಾನ ಒಳ್ಳೆಯದೇ. ಆದರೆ ಕೊಂಡಿಗೆ ಕೊಂಡಿ ಸೇರಿಸುತ್ತ ಹೋದಂತೆ ಪ್ರತಿ ಕೊಂಡಿಯ ತಪ್ಪೂ ಬೆಳೆಯುತ್ತದೆ. 2020ರ ಆಗಸ್ಟ್‌ನಲ್ಲಿ ಫಾರ್ಮುಲಾ ಒನ್ ಸಂಸ್ಥೆಯೇ ಅಮೆಜಾನ್‌ನ ಗಣಕ ವಿಭಾಗದೊಂದಿಗೆ ಸೇರಿ, 1983ರಿಂದೀಚೆಗಿನ ಅರ್ಹತಾ ಸುತ್ತುಗಳ ಆಧಾರದ ಮೇಲೆ ಅತಿ ವೇಗದ ಚಾಲಕರ ಪಟ್ಟಿಯನ್ನು ಪ್ರಕಟಿಸಿತು. ಸೆನ್ನಾ ಮೊದಲಿಗರು, ಅದರಲ್ಲಿ ಯಾರಿಗೂ ತಕರಾರಿರಲಿಲ್ಲ. ಎಂಟನೆಯ ಸ್ಥಾನದಲ್ಲಿ ಹೈಕಿ ಕೊವಲೈನೆನ್! ನಾಲ್ಕು ಬಾರಿಯ ವಿಶ್ವ ಚಾಂಪಿಯನ್ ಸೆಬಾಸ್ಟಿಯನ್ ವೆಟ್ಟೆಲ್ ಹತ್ತನೆಯವರು. ಕೊವಲೈನೆನ್ ಫಾರ್ಮುಲಾ ಒನ್‌ನಲ್ಲಿ ಗೆದ್ದದ್ದು ಒಂದೇ ಸ್ಪರ್ಧೆ. ಅಭಿಮಾನಿಗಳು ನಕ್ಕರು. ನಗು ನ್ಯಾಯವೇ ಎಂಬುದರ ಬಗ್ಗೆ ನನಗೆ ಅನುಮಾನವಿದೆ. ಒಂದೇ ಸುತ್ತಿನ ವೇಗ ಬೇರೆ, ಸ್ಪರ್ಧೆ ಗೆಲ್ಲುವುದು ಬೇರೆ. ಯಂತ್ರದ ತಪ್ಪು ಉತ್ತರದಲ್ಲಿರಲಿಲ್ಲ. ಸಂದೇಹದ ವ್ಯಾಪ್ತಿಯನ್ನು ಹೇಳದೆ, ಎಂಟನೆಯವ, ಹತ್ತನೆಯವ ಎಂದು ಕೆತ್ತಿ ಕೂರಿಸಿದ್ದರಲ್ಲಿತ್ತು.

ಇದು ಅಭಿಮಾನಿಗಳ ಹರಟೆಗೆ ಸೀಮಿತವಾಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಈ ಅಂಕಿಗಳ ಮೇಲೆ ಬದುಕುಗಳು ನಿಂತಿವೆ. 2025ರಲ್ಲಿ ರೆಡ್ ಬುಲ್ ತಂಡವು ಲಿಯಾಮ್ ಲಾಸನ್ ಎಂಬ ತರುಣನನ್ನು ಕೇವಲ ಎರಡು ಸ್ಪರ್ಧೆಗಳ ಬಳಿಕ ಇಳಿಸಿತು. ಅವರ ಜಾಗಕ್ಕೆ ಬಂದ ಯೂಕಿ ಸುನೋಡಾ ಕೂಡ ವರ್ಷಾಂತ್ಯಕ್ಕೆ ಸ್ಥಾನ ಕಳೆದುಕೊಂಡರು. ಅದೇ ತಂಡದ ವೆರ್‌ಸ್ಟಾಪೆನ್ ಎರಡೇ ಅಂಕಗಳಿಂದ ಚಾಂಪಿಯನ್ ಪಟ್ಟ ತಪ್ಪಿಸಿಕೊಂಡರು. ಒಬ್ಬನ ಶೈಲಿಗೆ ಒಗ್ಗಿದ ಕಾರನ್ನು ಇನ್ನೊಬ್ಬನಿಗೆ ಕೊಟ್ಟು, ಎರಡು ವಾರಾಂತ್ಯಗಳ ದತ್ತಾಂಶದ ಮೇಲೆ ತೀರ್ಪು ನೀಡುವುದನ್ನು ಸಂಖ್ಯಾಶಾಸ್ತ್ರ ಬಲ್ಲ ಯಾರೂ ಒಪ್ಪಲಾರರು. ಸರ್ಕಾರಿ ಸೇವೆಯ ಗೋಪ್ಯ ವರದಿಗಳನ್ನು ಬರೆದವರಿಗೆ, ಬರೆಸಿಕೊಂಡವರಿಗೆ ಈ ಅನ್ಯಾಯದ ಪರಿಚಯವಿದೆ: ನೀರಾವರಿಯುಳ್ಳ ಜಿಲ್ಲೆಯ ಅಧಿಕಾರಿಗೆ 'ಅತ್ಯುತ್ತಮ', ಬರಪೀಡಿತ ಜಿಲ್ಲೆಯಲ್ಲಿ ಬೆವರು ಸುರಿಸಿದವನಿಗೆ 'ಸಾಧಾರಣ'. ನಾನೂ ಹಾಗೆ ಒಂದೆರಡು ಷರಾ ಬರೆದಿದ್ದೇನೆ, ಇಂದು ಬರೆಯಲಾರೆ.

ತಂಡಗಳ ಪಾಲಿಗೂ ಇದು ಸಣ್ಣ ಸಂಗತಿಯಲ್ಲ. 2022ರಲ್ಲಿ ಜಾರಿಗೆ ಬಂದ ಪ್ರಮಾಣದಂತೆ, ಗಾಳಿಸುರಂಗದಲ್ಲಿ ಕಾರಿನ ಮಾದರಿಯನ್ನು ಪರೀಕ್ಷಿಸುವ ಅವಕಾಶವನ್ನು ಅಂಕಪಟ್ಟಿಗೆ ತಿರುವುಮುರುವಾಗಿ ಹಂಚುತ್ತಾರೆ: ಮೊದಲ ಸ್ಥಾನದ ತಂಡಕ್ಕೆ ನಿಗದಿತ ಪ್ರಮಾಣದ ಶೇ 70, ಎರಡನೆಯದಕ್ಕೆ ಶೇ 75, ಹೀಗೆ ಏರುತ್ತ ಹತ್ತನೆಯದಕ್ಕೆ ಶೇ 115. ಹಣಕಾಸು ಆಯೋಗವು ಬಡ ರಾಜ್ಯಗಳಿಗೆ ಹೆಚ್ಚಿನ ಪಾಲು ಕೊಡುವ ಸೂತ್ರದಂತೆಯೇ ಇದು. ತತ್ವವನ್ನು ನಾನು ಒಪ್ಪುತ್ತೇನೆ. ಆದರೆ 2024ರ ರೆಡ್ ಬುಲ್‌ನಂತೆ ಒಬ್ಬ ಚಾಲಕನ ವೈಫಲ್ಯದಿಂದ ಕೆಳಗಿಳಿದ ತಂಡಕ್ಕೂ, ಕಾರೇ ನಿಧಾನವಾಗಿರುವ ತಂಡಕ್ಕೂ ಒಂದೇ ಅಳತೆಗೋಲು ಹಿಡಿದರೆ ನೆರವು ಸೇರಬೇಕಾದಲ್ಲಿಗೆ ಸೇರೀತೇ?

ಪರಿಹಾರ ಕೈಗೆಟುಕದ್ದೇನೂ ಅಲ್ಲ. ಕಾರಿನ ನಿಜವಾದ ಸಾಮರ್ಥ್ಯವನ್ನು ಬಿಡಿಸಿ ನೋಡಲು ಹೊರಗಿನವರಿಗೆ ಕೊರತೆಯಾಗಿರುವ ಮುಖ್ಯ ಅಂಕಿಯೆಂದರೆ ಇಂಧನದ ತೂಕ. ನಿಯಂತ್ರಣ ಸಂಸ್ಥೆಯಾದ ಎಫ್‌ಐಎ 2014ರಲ್ಲೇ ಪ್ರತಿ ಕಾರಿಗೂ ಇಂಧನ ಹರಿವನ್ನು ಅಳೆಯುವ ಮೀಟರ್ ಕಡ್ಡಾಯ ಮಾಡಿತು. ಹೀಗಾಗಿ ಅಳತೆ ಅದರ ಕಡತದಲ್ಲೇ ಇದೆ. 2009ರಲ್ಲಿ ಅರ್ಹತಾ ಸುತ್ತು ಮುಗಿದೊಡನೆ ಪ್ರತಿ ಕಾರಿನ ಇಂಧನಸಹಿತ ತೂಕವನ್ನು ಅದೇ ಸಂಸ್ಥೆ ಬಹಿರಂಗಪಡಿಸುತ್ತಿತ್ತು. ಅದರಿಂದ ಯಾವ ತಂಡವೂ ಮುಳುಗಿಹೋಗಲಿಲ್ಲ. ವ್ಯಾಪಾರ ರಹಸ್ಯದ ನೆಪ ಒಡ್ಡುವುದಾದರೆ ಋತುವಿನ ಕೊನೆಯ ಸ್ಪರ್ಧೆ ಮುಗಿದ ಮೇಲಾದರೂ ಪ್ರಕಟಿಸಲಿ. ಮರುವರ್ಷದ ಕಾರು ಹೇಗೂ ಬೇರೆಯದಾಗಿರುತ್ತದೆ. ಹಾಗೆಯೇ ದೂರದರ್ಶನದ ಪರದೆಯ ಮೇಲೆ ಯಂತ್ರ ಲೆಕ್ಕ ಹಾಕಿದ ಸಂಖ್ಯೆಗಳನ್ನು ತೋರಿಸುವವರು ಆ ಲೆಕ್ಕದ ವಿಧಾನವನ್ನೂ, ಅದು ಎಷ್ಟರಮಟ್ಟಿಗೆ ತಪ್ಪಬಹುದೆಂಬುದನ್ನೂ ಜೊತೆಗೇ ನೀಡಬೇಕು. 2026ರಿಂದ ಎಂಜಿನ್ನಿನ ಶಕ್ತಿಯ ಸುಮಾರು ಅರ್ಧ ಪಾಲು ವಿದ್ಯುತ್ತಿನಿಂದ ಬರುವಂತೆ ನಿಯಮ ಬದಲಾಗಿದೆ. ಯಾವ ಕಾರು ಯಾವ ನೇರ ಹಾದಿಯಲ್ಲಿ ಬ್ಯಾಟರಿಯನ್ನು ಎಷ್ಟು ಖರ್ಚು ಮಾಡಿತೆಂಬುದು ತಿಳಿಯದಿದ್ದರೆ ನನ್ನ ತಂಗಿಯ ಮಗನ ನಕ್ಷೆಗಳು ಇನ್ನಷ್ಟು ಅಂದವಾಗಬಹುದು, ಆದರೆ ಅವುಗಳಿಂದ ತಿಳಿಯುವುದು ಇನ್ನಷ್ಟು ಕಡಿಮೆಯಾಗುತ್ತದೆ.