ಪಿಕಪ್ಪಿಗೆ ಫೋರ್ ವೀಲ್ ಕೂರಿಸುವ ಮೊದಲು ದಾರಿಯ ನೀರು ತಿರುಗಿಸಿ

ಮಳೆ ಬಿಟ್ಟು ಇನ್ನೂ ಒಂದು ತಿಂಗಳಾಗಿಲ್ಲ, ಆಗಲೇ ನಮ್ಮ ಕಡೆ ಹೊಸ ಹುಚ್ಚೊಂದು ಶುರುವಾಗಿದೆ. ಟೂ ವೀಲ್ ಡ್ರೈವ್ ಪಿಕಪ್ಪನ್ನು ಮನೆ ಮುಂದಿನ ಕಣದಲ್ಲೇ ಜಾಕ್ ಕೊಟ್ಟು ನಿಲ್ಲಿಸುವುದು, ಗುಜರಿಯಿಂದ ತಂದ ಮುಂದಿನ ಹೌಸಿಂಗ್ ಅಡಿಗೆ ತೂರಿಸುವುದು, ಗ್ಯಾಸ್ ಕಟ್ಟರ್, ವೆಲ್ಡಿಂಗ್ ಸೆಟ್ ತರಿಸಿ "ಫೋರ್ ವೀಲ್ ಮಾಡ್ಸಿದೆ" ಅನ್ನುವುದು. ನನ್ನ ಹತ್ತಿರವೂ ನಾಲ್ಕೈದು ಜನ "ನೀವ್ಯಾಕೆ ಮಾಡ್ಸಲ್ಲ?" ಅಂತ ಕೇಳಿ ಆಯ್ತು. ಒಬ್ಬೊಬ್ಬರಿಗೆ ಹೇಳುವ ಬದಲು ಒಟ್ಟಿಗೆ ಬರೀತಿದ್ದೇನೆ. ಸ್ವಲ್ಪ ಉದ್ದ ಆಗ್ತದೆ, ಓದಿ.

ನನ್ನ ಮಾತು ಇಷ್ಟೆ. ನಮ್ಮ ಗಾಡಿ ಹೂತುಹೋಗುವುದು ಮುಂದಿನ ಚಕ್ರಕ್ಕೆ ಶಕ್ತಿ ಇಲ್ಲ ಅಂತಲ್ಲ. ತೋಟದ ದಾರಿಯನ್ನೇ ನಾವು ಹಳ್ಳ ಮಾಡಿಟ್ಟಿದ್ದೇವೆ, ಅದಕ್ಕೆ. ಗಾಡಿಯ ಹೊಟ್ಟೆ ಕೊಯ್ಯಲು ಇಡುವ ದುಡ್ಡಿನಲ್ಲಿ ಒಂದು ಪಾಲು ದಾರಿಗೆ ಹಾಕಿದರೆ ಕೆಲಸ ಮುಗೀತದೆ, ಯಾರ ಜೀವಕ್ಕೂ ಕುತ್ತಿಲ್ಲ.

"ನಮ್ಮಪ್ಪನ ಕಾಲದಿಂದ ಜೀಪಿಗೆ ಮಾಡ್ತಾ ಬಂದಿದ್ದಾರಲ್ಲ?" ಅಂತ ಕೇಳ್ತೀರಿ. ಸರಿ, ಅದಕ್ಕೇ ಮೊದಲು ಉತ್ತರ. ವಿಲ್ಲೀಸ್ ಜೀಪು ಹುಟ್ಟಿದ್ದೇ ಫೋರ್ ವೀಲ್ ಆಗಿ. ಅದರ ಮೇಲೆ ಬೆಳೆದ ಹಳೆ ಮಹೀಂದ್ರ ಜೀಪುಗಳಲ್ಲಿ ಎಷ್ಟೋ ಮಾದರಿ ಕಂಪನಿಯಿಂದಲೇ ಎರಡೂ ಥರ ಬರುತ್ತಿತ್ತು. ಮುಂದೆ ಗಟ್ಟಿ ಆಕ್ಸಲ್, ಎರಡೂ ಕಡೆ ಪ್ಲೇಟು. ಅಂಥದ್ದಕ್ಕೆ ಅದೇ ಜಾತಿಯ ಹೌಸಿಂಗ್, ಅದೇ ಜಾತಿಯ ಟ್ರಾನ್ಸ್‌ಫರ್ ಕೇಸ್ ಕೂರಿಸಿದರೆ ಕಂಪನಿ ಬಿಟ್ಟ ಜಾಗದಲ್ಲೇ ಬೋಲ್ಟ್ ಕೂರ್ತದೆ. ಹಳೆ ಮೇಸ್ತ್ರಿಗಳು ಮಾಡಿದ್ದು ಅದನ್ನು. ಈಗಿನ ಪಿಕಪ್ಪಿಗೆ ಯಾವುದೋ ಬೇರೆ ಗಾಡಿಯ ಹೌಸಿಂಗ್ ತಂದು ಅಳತೆ ಸಾಲದ ಕಡೆ ಕೊಯ್ದು, ಉಳಿದ ಕಡೆ ವೆಲ್ಡಿಂಗ್ ಹಿಡಿಸುವುದು ಬೇರೆಯೇ ಕೆಲಸ. ಎರಡಕ್ಕೂ ಒಂದೇ ಹೆಸರು ಕೊಟ್ಟು ಮೋಸ ಹೋಗಬೇಡಿ.

ಏನೇನು ಬದಲಾಗಬೇಕು ಅಂತ ನೋಡಿ. ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಬರಬೇಕು. ಅದು ಬಂದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಕೊಯ್ದು ಗಿಡ್ಡ ಮಾಡಿ ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು. ಮುಂದಕ್ಕೊಂದು ಹೊಸ ಶಾಫ್ಟ್. ಮುಂದೆ ಡಿಫರೆನ್ಶಿಯಲ್ ಇರುವ ಹೌಸಿಂಗ್. ಅದು ಎಂಜಿನ್ ಆಯಿಲ್ ಚೇಂಬರಿಗೆ ತಾಗ್ತದೆ ಅಂತ ಗಾಡಿ ಎತ್ತರ ಮಾಡಬೇಕು. ಎತ್ತರ ಆದ ಕೂಡಲೇ ಸ್ಟೇರಿಂಗ್ ರಾಡಿನ ಓರೆ ಬದಲಾಗ್ತದೆ, ಗುಂಡಿಗೆ ಬಿದ್ದಾಗೆಲ್ಲ ಸ್ಟೇರಿಂಗ್ ತಾನೇ ಎಳೀತದೆ. ಬ್ರೇಕ್ ಹೋಸ್ ಉದ್ದ ಸಾಲುವುದಿಲ್ಲ. ಹೌಸಿಂಗ್ ಜೊತೆ ಬಂದ ಬ್ರೇಕಿಗೂ ನಿಮ್ಮ ಗಾಡಿಯ ಮಾಸ್ಟರ್ ಸಿಲಿಂಡರಿಗೂ ಹೊಂದಾಣಿಕೆ ಇದೆಯಾ ಅಂತ ಕಣದಲ್ಲಿ ಕೂತು ಅಳೆಯುವವರು ಯಾರು? ಮುಂದೆ ಗಟ್ಟಿ ಆಕ್ಸಲ್ಲೇ ಇಲ್ಲದೆ ಒಂದೊಂದು ಚಕ್ರ ಬೇರೆ ಬೇರೆ ಆಡುವ ಸಸ್ಪೆನ್ಷನ್ ಇದ್ದರಂತೂ ಚಾಸಿಯ ಮುಂಭಾಗವನ್ನೇ ಹೊಸದಾಗಿ ಕಟ್ಟಿದ ಹಾಗೆ.

ಇನ್ನು ಕ್ರೌನ್ ಪಿನಿಯನ್. ಇದನ್ನು ಯಾವ ವಿಡಿಯೊದಲ್ಲೂ ಸರಿಯಾಗಿ ಹೇಳುವುದಿಲ್ಲ. ಹಿಂದಿನ ಲೆಕ್ಕ, ಮುಂದಿನ ಲೆಕ್ಕ ಎರಡೂ ಒಂದೇ ಇರಬೇಕು. ಹಿಂದೆ 4.10 ಇದ್ದು ಮುಂದೆ 4.56 ಸಿಕ್ಕಿತು ಅಂತ ಇಟ್ಟುಕೊಳ್ಳಿ. ಲಿವರ್ ಹಾಕಿದಾಗ ಎರಡೂ ಶಾಫ್ಟ್ ಒಂದೇ ವೇಗದಲ್ಲಿ ತಿರುಗ್ತವೆ. ಆಗ ಹಿಂದಿನ ಚಕ್ರ 100 ಸುತ್ತು ಸುತ್ತಿದರೆ ಮುಂದಿನದು 90 ಮಾತ್ರ ಸುತ್ತಲು ನೋಡ್ತದೆ. ಕೆಸರಲ್ಲಿ ಟೈರ್ ಜಾರಿ ಆ ಜಗಳ ಗೊತ್ತಾಗುವುದಿಲ್ಲ. ಗಟ್ಟಿ ನೆಲಕ್ಕೆ ಬಂದ ಕೂಡಲೇ ಎಲ್ಲಿ ಬಲ ಕಡಿಮೆಯೋ ಅಲ್ಲಿ ಮುರೀತದೆ. ಕ್ರಾಸ್ ಹೋದರೆ ಪುಣ್ಯ, ಟ್ರಾನ್ಸ್‌ಫರ್ ಕೇಸೇ ಒಡೆದರೆ ಕೇಳುವವರಿಲ್ಲ. ಗುಜರಿ ಹೌಸಿಂಗಿನ ಮೇಲೆ ಇದನ್ನು ಬರೆದಿರುವುದಿಲ್ಲ, ಬಿಚ್ಚಿ ಹಲ್ಲು ಎಣಿಸಬೇಕು.

ಗಾಡಿ ಕೆಟ್ಟು ನಿಂತರೆ ಎಳೆದು ತರಬಹುದು. ನನ್ನ ಹೆದರಿಕೆ ಅದಲ್ಲ. ನಮ್ಮ ಪಿಕಪ್ಪಿನಲ್ಲಿ ಬರೀ ಗೊಬ್ಬರ ಹೋಗ್ತದಾ? ಬೆಳಿಗ್ಗೆ ಏಳೂವರೆಗೆ ಲೈನಿನಿಂದ ಹೆಣ್ಣಾಳುಗಳನ್ನು ಹಿಂದೆ ಹತ್ತಿಸಿಕೊಂಡು ಹೋಗುವುದು ಯಾರಿಗೆ ಗೊತ್ತಿಲ್ಲ? ಸರಕಿನ ಗಾಡಿಯಲ್ಲಿ ಜನ ಸಾಗಿಸುವುದೇ ತಪ್ಪು. ಅದರ ಮೇಲೆ ಸ್ಟೇರಿಂಗ್ ನಕಲ್ಲಿಗೆ ವೆಲ್ಡಿಂಗ್ ಹಿಡಿಸಿದ ಗಾಡಿ. ಕಬ್ಬಿಣ ಕಾಯಿಸಿ ಬೆಸೆದ ಪಕ್ಕದಲ್ಲಿ ಕಣ್ಣಿಗೆ ಕಾಣದ ಬಿರುಕು ಏಳಬಹುದು. ಅದು ಕಣದಲ್ಲಿ ನಿಂತಾಗ ಬಿಡುವುದಿಲ್ಲ, ಲೋಡಿನಲ್ಲಿ ಇಳುಕಲಿನ ತಿರುವಿನಲ್ಲಿ ಬಿಡ್ತದೆ. ಒಂದು ಕಡೆ ಧರೆ, ಇನ್ನೊಂದು ಕಡೆ ನಲವತ್ತು ಅಡಿ ಕೆಳಗೆ ಹಳ್ಳ. ಸ್ಟೇರಿಂಗ್ ಹಿಡಿದವನಿಗೆ ಹಾರಲು ಬಾಗಿಲಿದೆ. ಹಿಂದೆ ಬುತ್ತಿ ಚೀಲ ಹಿಡಿದು ನಿಂತವರಿಗೆ?

ಕಾನೂನು ಏನು ಹೇಳ್ತದೆ ಅಂತಲೂ ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಖಡಾಖಂಡಿತ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಹೀಗೆ ಬದಲಾಯಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ. "ನಮ್ಮ ಕಡೆ ಯಾರು ಹಿಡೀತಾರೆ" ಅನ್ನಬಹುದು. ಹಿಡಿಯುವುದಿಲ್ಲ, ನಿಜ. ಆದರೆ ಅಪಘಾತ ಆದ ದಿನ ಗಾಡಿ ಪರೀಕ್ಷೆಗೆ ಹೋಗ್ತದೆ. ಅವತ್ತು ಇನ್ಶೂರೆನ್ಸಿನವರಿಗೆ ಕೈ ಎತ್ತಲು ನಾವೇ ಕಾರಣ ಬರೆದುಕೊಟ್ಟ ಹಾಗೆ. ಸತ್ತವರ ಮನೆಗೆ ಪರಿಹಾರ ಕಟ್ಟಲು ತೋಟ ಮಾರಬೇಕಾಗ್ತದೆ.

ಇಷ್ಟೆಲ್ಲ ಮಾಡಿ ಸಿಗುವುದೇನು? ಸಿಗುವುದನ್ನು ಇಲ್ಲ ಅನ್ನುವುದಿಲ್ಲ. ಲೋ ಗೇರ್ ಇದ್ದರೆ ಏರಿನಲ್ಲಿ ಬಲ ಜಾಸ್ತಿ, ಇಳುಕಲಿನಲ್ಲಿ ಎಂಜಿನ್ನೇ ಗಾಡಿ ಹಿಡೀತದೆ. ಅದು ನಿಜವಾದ ಲಾಭ. ಆದರೆ ಫೋರ್ ವೀಲ್ ಅಂದ ಕೂಡಲೇ ನಾಲ್ಕೂ ಚಕ್ರ ಎಳೀತವೆ ಅಂತ ತಿಳಿದವರೇ ಹೆಚ್ಚು. ಸಾಮಾನ್ಯ ಡಿಫರೆನ್ಶಿಯಲ್ ಇದ್ದರೆ ಹಿಂದೆ ಒಂದು ಚಕ್ರ, ಮುಂದೆ ಒಂದು ಚಕ್ರ ಜಾರಿದರೆ ಸಾಕು, ಆ ಎರಡೇ ಸುಮ್ಮನೆ ಸುತ್ತುತ್ತವೆ, ಗಾಡಿ ನಿಂತಲ್ಲೇ. ಬ್ರೇಕ್ ಮೊದಲೇ ನಾಲ್ಕೂ ಚಕ್ರಕ್ಕೆ ಇತ್ತು, ಅದೇನೂ ಹೆಚ್ಚಾಗುವುದಿಲ್ಲ. ಹೊಸ ಕಬ್ಬಿಣದ ತೂಕ ಕ್ವಿಂಟಾಲಿನ ಆಸುಪಾಸು, ಅಷ್ಟು ಮಾಲು ಕಡಿಮೆ ಹಾಕಬೇಕು. ವರ್ಷವಿಡೀ ಡೀಸೆಲ್ಲೂ ಜಾಸ್ತಿ.

ಈಗ ಕ್ಯಾಲೆಂಡರ್ ತೆಗೀರಿ. ನಮಗೆ ಭಾರದ ಲೋಡು ಯಾವಾಗ? ಅರೇಬಿಕಾ ನವೆಂಬರಿನಿಂದ, ರೋಬಸ್ಟಾ ಜನವರಿ ಹೊತ್ತಿಗೆ, ಮೆಣಸು ಶಿವರಾತ್ರಿ ಆಚೀಚೆ. ಎಲ್ಲ ದಾರಿ ಒಣಗಿದ ಮೇಲೆ. ಮಳೆಗಾಲದಲ್ಲಿ ಒಳಗೆ ಹೋಗುವುದು ಸುಣ್ಣ, ಮೈಲುತುತ್ತ, ಮಳೆ ಸ್ವಲ್ಪ ಬಿಟ್ಟಾಗ ಒಂದು ಸಲದ ಗೊಬ್ಬರ, ಮತ್ತೆ ಆಳುಗಳು. ಸುಣ್ಣ, ಮೈಲುತುತ್ತ, ಗೊಬ್ಬರ ಮೂರನ್ನೂ ಮೇ ತಿಂಗಳಲ್ಲೇ ಒಳಗಿನ ಶೆಡ್ಡಿಗೆ ಸಾಗಿಸಿ ಹಲಗೆ ಮೇಲೆ ಜೋಡಿಸಿಟ್ಟರೆ ಅರ್ಧ ಟ್ರಿಪ್ಪು ಉಳೀತದೆ. ಆಳುಗಳು ಆ ಎರಡು ಏರು ನಡೆದು ಹೋದರೆ ಹತ್ತು ನಿಮಿಷ. ಆ ಹತ್ತು ನಿಮಿಷ ಕೂಲಿಯಲ್ಲೇ ಸೇರಿಸಿ, ಲೋಕ ಮುಳುಗುವುದಿಲ್ಲ.

ಈ ಮಳೆಗಾಲ ನಾನು ಎಲ್ಲಿ ಹೂತುಕೊಂಡೆ ಅಂತ ಡೈರಿಯಲ್ಲಿ ಬರೆದಿಟ್ಟೆ. ಒಂಬತ್ತು ಸಲ. ಒಂಬತ್ತೂ ಎರಡೇ ಜಾಗದಲ್ಲಿ. ಕೆರೆ ಏರಿ ದಾಟಿದ ತಿರುವು, ಮತ್ತೆ ಹಲಸಿನ ಮರದ ಹತ್ತಿರದ ಏರು. ನೀವೂ ಲೆಕ್ಕ ಹಾಕಿ ನೋಡಿ, ನಿಮ್ಮ ತೋಟದಲ್ಲೂ ಎರಡೋ ಮೂರೋ ಜಾಗ ಅಷ್ಟೆ. ಜೋರು ಮಳೆ ಬಂದಾಗ ಕೊಡೆ ಹಿಡಿದು ಅಲ್ಲಿಗೆ ಹೋಗಿ ನಿಂತು ನೋಡಿ, ಮೇಲಿನ ತೋಟದ ನೀರೆಲ್ಲ ದಾರಿಗೇ ಇಳೀತಿರ್ತದೆ. ಗಾಡಿ ಹೋದ ಗೆರೆಯೇ ಕಾಲುವೆ. ಕೆಳಗಿನ ಜೇಡಿ ಎದ್ದು ಬರ್ತದೆ. ಅಂಥ ಕಡೆ ಫೋರ್ ವೀಲ್ ಹತ್ತಿಸಿದರೆ ಗೆರೆ ಇನ್ನೂ ಆಳ ಆಗ್ತದೆ, ಮುಂದಿನ ವರ್ಷ ಅದೂ ಹತ್ತುವುದಿಲ್ಲ.

ಮಾಡಬೇಕಾದ್ದು ಇದು. ಮೊದಲು ಧರೆ ಬದಿಯಲ್ಲಿ ಬಸಿಗಾಲುವೆ, ಒಂದೂವರೆ ಅಡಿ ಆಳ ಸಾಕು. ಏರಿನಲ್ಲಿ ಐವತ್ತು ಅರವತ್ತು ಅಡಿಗೊಂದು ಅಡ್ಡ ಚರಂಡಿ, ನೇರ ಅಡ್ಡ ಅಲ್ಲ, ಸ್ವಲ್ಪ ಓರೆಯಾಗಿ. ನೀರು ಬೀಳುವ ಕಡೆ ಕಲ್ಲು ಹಾಕಿ, ಇಲ್ಲದಿದ್ದರೆ ಅಲ್ಲೊಂದು ಕೊರಕಲು ಏಳ್ತದೆ. ನೀರು ಪಕ್ಕದವರ ತೋಟಕ್ಕೆ ಬಿಡಬೇಡಿ, ಅವರ ಜೊತೆ ಕೂತು ಮಾತಾಡಿ ಹಳ್ಳಕ್ಕೆ ಸೇರಿಸಿ. ಮಳೆಗಾಲಕ್ಕೆ ಮೊದಲು, ಮಳೆ ನಡುವೆ ಒಂದು ಸಲ, ದರಗು ತೆಗೆಸಿ.

ಆಮೇಲೆ ಹೂತುಕೊಳ್ಳುವ ಜಾಗಕ್ಕೆ ಮಾತ್ರ ಎರಡು ಗೆರೆ ಕಾಂಕ್ರೀಟು. ಒಂದೊಂದು ಗೆರೆ ಎರಡಡಿ ಅಗಲ, ಐದು ಇಂಚು ದಪ್ಪ. ಅರವತ್ತು ಅಡಿ ಉದ್ದಕ್ಕೆ ಎರಡೂ ಗೆರೆ ಸೇರಿ 100 ಘನ ಅಡಿ ಆಗ್ತದೆ. 1:2:4 ಮಿಶ್ರಣಕ್ಕೆ ಸಿಮೆಂಟು 18 ಮೂಟೆ ಹತ್ತಿರ. ಕೆಳಗೆ ಜೇಡಿ ತೆಗೆದು ಕಲ್ಲು ತುಂಬಿಸಿ ದಮ್ಮಸು ಮಾಡಿ. ಹಸಿ ಇರುವಾಗಲೇ ಕೋಲಿನಲ್ಲಿ ಅಡ್ಡ ಗೆರೆ ಎಳೀರಿ, ಟೈರಿಗೆ ಹಿಡಿತ ಸಿಗ್ತದೆ. ಗೋಣಿ ಹಾಸಿ ಹತ್ತು ದಿನ ನೀರು ಕೊಡಿ. ಕೊಯ್ಲು ಮುಗಿದು ನೀರಾವರಿ ಪೈಪು ಹೇಗೂ ತೋಟದಲ್ಲಿರುವ ಫೆಬ್ರವರಿ, ಮಾರ್ಚಿನಲ್ಲಿ ಮಾಡಿದರೆ ಬೇರೆ ಖರ್ಚಿಲ್ಲ. 18 ಮೂಟೆ ಸಿಮೆಂಟು, ಜಲ್ಲಿ, ಮರಳು, ಆಳು ಲೆಕ್ಕ ಬರೀರಿ. ಪಕ್ಕದಲ್ಲಿ ಹೌಸಿಂಗು, ಟ್ರಾನ್ಸ್‌ಫರ್ ಕೇಸು, ಶಾಫ್ಟು, ಲೇತು, ವೆಲ್ಡಿಂಗು, ಮೇಸ್ತ್ರಿ ಕೂಲಿ, ಗಾಡಿ ನಿಂತ ದಿನದ ಬಾಡಿಗೆ ಬರೀರಿ. ಎರಡನ್ನೂ ನೋಡಿದ ಮೇಲೆ ನನ್ನನ್ನು ಬೈಯಿರಿ.

ಉಳಿದ ದಾರಿಗೆ ಒಳ್ಳೆ ಗಂಟಿನ ಟೈರ್ ಹಿಂದೆ ಹಾಕಿ. ಸವೆದ ಟೈರ್ ಇಟ್ಟುಕೊಂಡು ಫೋರ್ ವೀಲ್ ಬೇಕು ಅನ್ನುವವರನ್ನೂ ನೋಡಿದ್ದೇನೆ. ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಅದಕ್ಕೇ ಜಾರ್ತದೆ. ಹಿಂದಿನ ಆಕ್ಸಲ್ ಮೇಲೆ ನಾಲ್ಕು ಮರಳು ಮೂಟೆ ಇಟ್ಟು ಹಗ್ಗ ಬಿಗೀರಿ. ತೀರಾ ಜಾರುವ ದಿನಕ್ಕೆ ಚೈನು ಇದ್ದೇ ಇದೆ, ಟಾರು ಸಿಗುವ ಮೊದಲು ಬಿಚ್ಚಿಡಿ.

"ರಾತ್ರಿ ಮನೇಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ?" ಅಂತ ಒಬ್ಬರು ಕೇಳಿದರು. ನನಗೆ ದಾರಿಯೇ ಮೊದಲು ಅನ್ನಿಸುವುದು ಇದಕ್ಕೇ, ಮಾರಾಯ್ರೆ. ನಿಮ್ಮ ಗಾಡಿ ಫೋರ್ ವೀಲ್ ಆದರೆ ನಿಮ್ಮ ಗಾಡಿ ಮಾತ್ರ ಬರ್ತದೆ, ಅದೂ ಓಡಿಸುವವರು ಮನೆಯಲ್ಲಿದ್ದರೆ. ದಾರಿ ಸರಿ ಇದ್ದರೆ 108 ಬರ್ತದೆ, ಗ್ಯಾಸಿನ ಆಟೋ ಬರ್ತದೆ, ಲೈನಿನ ಮಕ್ಕಳು ಶಾಲೆಗೆ ಜಾರದೆ ನಡೀತಾರೆ.

ಇಷ್ಟಾದರೂ ಕೆಲವರ ತೋಟಕ್ಕೆ ಫೋರ್ ವೀಲ್ ಬೇಕೇ ಬೇಕು. ಗುಡ್ಡದ ತಲೆ ಮೇಲೆ ಮನೆ ಇರುವವರಿಗೆ ನಾನು ಹೇಳುವುದೂ ತಪ್ಪಾಗ್ತದೆ. ಅಂಥವರು ಕಂಪನಿಯೇ ಮಾಡಿದ್ದನ್ನು ತಗೊಳ್ಳಿ. ಬೊಲೆರೊ ಕ್ಯಾಂಪರ್, ಟಾಟಾ ಯೋಧ, ಇಸುಜು ವಿ-ಕ್ರಾಸ್ ಎಲ್ಲದರಲ್ಲೂ ಫೋರ್ ವೀಲ್ ಮಾದರಿ ಬಂದಿದೆ. ಹೊಸದಕ್ಕೆ ದುಡ್ಡಿಲ್ಲದಿದ್ದರೆ ಆರ್‌ಸಿ ಸರಿ ಇರುವ ಹಳೆಯದು ನೋಡಿ, ನಿಮ್ಮ ಟೂ ವೀಲ್ ಮಾರಿ ಮೇಲಿನ ವ್ಯತ್ಯಾಸ ಕೊಡಿ. ನಾಲ್ಕು ಮನೆ ಸೇರಿ ಒಂದು ಫೋರ್ ವೀಲ್ ಟ್ರ್ಯಾಕ್ಟರ್ ಇಟ್ಟುಕೊಂಡರೂ ಆಗ್ತದೆ.

ನಮ್ಮ ಹಲಸಿನ ಮರದ ಏರಿಗೆ ಫೆಬ್ರವರಿಯಲ್ಲಿ ಕಾಂಕ್ರೀಟು ಹಾಕಿಸ್ತಿದ್ದೇನೆ. ದಿನ ಗೊತ್ತಾದ ಮೇಲೆ ಇಲ್ಲೇ ಬರೀತೇನೆ, ನೋಡಬೇಕು ಅನ್ನುವವರು ಬನ್ನಿ. ಕಣದಲ್ಲಿ ಗಾಡಿ ಜಾಕ್ ಮೇಲೆ ನಿಲ್ಲಿಸಿಕೊಂಡವರು ಇನ್ನೂ ಏನೂ ಕೊಯ್ದಿಲ್ಲ ಅಂದ್ರೆ, ದಯವಿಟ್ಟು ಒಂದು ವಾರ ತಡೀರಿ. ಅಷ್ಟರಲ್ಲಿ ಬಸಿಗಾಲುವೆ ಕೆಲಸ ಶುರು ಮಾಡಿ.